ಮೂರು ತೂತಿನ ಕಾರ್ಡು

ಇಟಲಿಯ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಗಬೇಕಾದರೆ ರಮ್ಯ ಇಟಾಲಿಯನ್ ಮಾತಾಡುವ ಪರೀಕ್ಷೆ ಪಾಸಾಗಬೇಕಿತ್ತು. ಎರಡು ಸಲ ಫೇಲಾಗಿದ್ದಳು. ಕ್ರಿಯಾಪದಗಳೆಲ್ಲ ಬಾಯಿಪಾಠ, ಆದರೆ ದನಿಯ ಒತ್ತು ಎಲ್ಲಿ ಬೀಳಬೇಕೋ ಅಲ್ಲಿ ಬೀಳುತ್ತಿರಲಿಲ್ಲ. ಕನ್ನಡದ ನಾಲಿಗೆ, ಎಲ್ಲ ಅಕ್ಷರಕ್ಕೂ ಒಂದೇ ಮರ್ಯಾದೆ ಕೊಡುತ್ತಿತ್ತು.

ದೊಡ್ಡಬಳ್ಳಾಪುರದಲ್ಲಿ ಅವಳದೇ ಬೀದಿಯ ಅಂಬರೀಶನದು ಸೀರೆಯ ಡಿಸೈನಿಗಾಗಿ ಮಗ್ಗಕ್ಕೆ ಹಾಕುವ ಜಕಾರ್ಡ್ ಎಂಬ ರಟ್ಟಿನ ಕಾರ್ಡುಗಳಲ್ಲಿ ತೂತು ಹೊಡೆಯುವ ಕೆಲಸ. ಇಟಾಲಿಯನ್ ಅವನಿಗೆ ಒಂದಕ್ಷರ ಬಾರದು. ಆದರೂ ಅವಳ ಫೋನಿನಲ್ಲಿದ್ದ ಪಾಠಗಳ ಟೀಚರ್ ದನಿ ಕೇಳಿ ಕೇಳಿ, ಹಳೆಯ ಕಾರ್ಡಿನ ತುಂಡುಗಳಲ್ಲಿ ಒಂದೊಂದೇ ಪದ ಹೊಡೆದುಕೊಟ್ಟ. ಪದವನ್ನು ಬಿಡಿಸಿದಾಗ ಎಷ್ಟು ಭಾಗವೋ ಅಷ್ಟು ತೂತು. ಒತ್ತು ಬೀಳುವ ಕಡೆ ದೊಡ್ಡದು. 'ಅವರು ಮಾತಾಡುತ್ತಾರೆ' ಎನ್ನುವ ಪಾರ್-ಲ-ನೊಗೆ ಮೊದಲನೆಯದೇ ದೊಡ್ಡದು. ಊರಿನ ಆಸ್ಪತ್ರೆಯಲ್ಲಿ ನರ್ಸ್ ಡ್ಯೂಟಿ ಮುಗಿಸಿ ಕಾಲೆಳೆದುಕೊಂಡು ಬರುವ ರಮ್ಯ ಅವನ ಜಗಲಿಯಲ್ಲಿ ಕೂತು, ಕಣ್ಣು ಮುಚ್ಚಿ, ತೂತುಗಳ ಮೇಲೆ ಬೆರಳಾಡಿಸುತ್ತಾ ಹೇಳಿಕೊಳ್ಳುವಳು. ಅಂಬರೀಶ ಅವಳ ರೆಪ್ಪೆಗಳನ್ನೇ ನೋಡುತ್ತಾ ಕೂರುವನು. ನಾಲ್ಕು ವರ್ಷದ ಪ್ರೀತಿ, ಹೇಳುವುದಕ್ಕೆ ಬಾಯಿ ಬಂದಿರಲಿಲ್ಲ.

ಒಂದು ಕಾರ್ಡಿನಲ್ಲಿ ಮಾತ್ರ ಬೇಕೆಂದೇ ಮೋಸ ಮಾಡಿದ. 'ನಾನು ಹೊರಡುತ್ತೇನೆ' ಎನ್ನುವ ಪಾರ್-ತಿ-ರೋ. ದೊಡ್ಡ ತೂತು ಕೊನೆಗೆ ಬರಬೇಕಿತ್ತು, ಮೊದಲಿಗೆ ಹೊಡೆದ. ಇನ್ನೊಂದು ಸಲ ಫೇಲಾದರೆ ಅವಳು ಇಲ್ಲೇ ಉಳಿಯುತ್ತಾಳೆ ಎಂಬ ಆಸೆ. ಆಮೇಲೆ ಮೂರು ದಿನ ಅವನಿಗೆ ಅನ್ನ ಸೇರಲಿಲ್ಲ.

ಪರೀಕ್ಷೆಯ ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಓಡಿಬಂದು ಸರಿಯಾದ ಕಾರ್ಡನ್ನು ಅವಳ ಕೈಗಿಟ್ಟ. ಮೊದಲಿನದನ್ನು ಬೇಕೆಂದೇ ತಪ್ಪಾಗಿ ಹೊಡೆದೆನೆಂದು ಒಪ್ಪಿಕೊಂಡ.

"ಅವತ್ತೇ ಗೊತ್ತಾಯ್ತು ಕಣೋ," ಎಂದಳು ರಮ್ಯ. ಕೋಪಿಸಿಕೊಳ್ಳುವಷ್ಟು ತ್ರಾಣವೂ ಆ ದನಿಯಲ್ಲಿ ಇರಲಿಲ್ಲ. "ಫೋನಲ್ಲಿ ಟೀಚರ್ ಹೇಳೋದು ಬೇರೆ ಥರ ಕೇಳಿಸ್ತು. ಸೀರೇಲಿ ಒಂದು ಹೂವೂ ತಪ್ಪದ ಕೈ, ಇಲ್ಯಾಕೆ ತಪ್ತು ಅಂದ್ಕೊಂಡೆ. ನೀನೇ ಹೇಳ್ತೀಯ ಅಂತ ಮೂರು ದಿನದಿಂದ ಕಾಯ್ತಿದ್ದೆ."

"ನೀನು ಹೋಗೋದು ನಂಗಿಷ್ಟ ಇಲ್ಲ ರಮ್ಯ. ನೀನಂದ್ರೆ ನಂಗಿಷ್ಟ."

ಅವಳ ನಿದ್ದೆಗೆಟ್ಟ ಕಣ್ಣಿನ ಅಂಚಿನಲ್ಲಿ ನಗು ಇಣುಕಿತು. ಮನೆಯ ಜವಾಬ್ದಾರಿ ಇದೆ, ಹೋಗಲೇಬೇಕು, ಎರಡು ವರ್ಷದ ಮಾತು ಎಂದಳು. ಅಷ್ಟರಲ್ಲಿ ಬಸ್ಸು ಬಂತು. ಕಾರ್ಡನ್ನು ಬ್ಯಾಗಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿದವಳು ತಿರುಗಿದಳು.

"ವಾಪಸ್ ಬರ್ತೀನಿ ಅನ್ನೋದಕ್ಕೂ ಒಂದು ಕಾರ್ಡ್ ಹೊಡ್ಕೊಡು. ಅದ್ರಲ್ಲಿ ಮಾತ್ರ ಮೋಸ ಮಾಡ್ಬೇಡ."