ಕೆಂಗಲ್ ತಿರುವಿನ ಬೇಸಿಗೆ ಚಕ್ರ

ಗುಲ್ಜಾರ್ ಬೀ ನನ್ನ ಔಷಧದ ಕಿಟಕಿಯ ಮುಂದೆ ಬಂದು ನಿಂತಾಗ ಬೆಳಗಿನ ಒಂಬತ್ತು ಗಂಟೆ. ಕ್ಲೋಸ್‌ಪೇಟೆ ಆಸ್ಪತ್ರೆಯಲ್ಲಿ ನಾನು ಕಾಂಪೌಂಡರ್. ಜ್ವರದವರೂ ಕೆಮ್ಮಿನವರೂ ಬಾಟಲಿ ಹಿಡಿದು ಬರುವ ಹೊತ್ತು. ಅವಳ ಕೈಯಲ್ಲಿ ಬಾಟಲಿ ಇರಲಿಲ್ಲ.

"ವೆಂಕಟಯ್ಯನೋರೆ, ನನ್ನ ಮಗನ್ನ ನೇಣಿಗೆ ಹಾಕ್ತಾರಂತೆ. ನಿಮ್ಮ ಓವರ್‌ಸಿಯರ್ ಸಾಹೇಬ್ರಿಗೆ ಒಸಿ ಹೇಳಿ. ನಾವು ಚನ್ನಪಟ್ಟಣದಲ್ಲಿ ಬೊಂಬೆ ಕಡೆಯೋ ಜನ. ಕೊಲೆ ಮಾಡೋ ಜನ ಅಲ್ಲ."

ಅವಳ ಮಗ ಹಬೀಬ್, ರೇಷ್ಮೆ ಸಾಹುಕಾರ ಮುನಿಶಾಮಯ್ಯನ ಮೋಟಾರು ನೋಡಿಕೊಳ್ಳುವವನು. ಮೂರು ದಿನದ ಹಿಂದೆ ಸಾಹುಕಾರ ಒಬ್ಬನೇ ಆ ಎರಡು ಸೀಟಿನ ಓಟದ ಮೋಟಾರನ್ನು ಓಡಿಸಿಕೊಂಡು ಹೋಗುವಾಗ, ಕೆಂಗಲ್ ತಿರುವಿನಲ್ಲಿ ಮುಂದಿನ ಎಡಚಕ್ರ ಕಳಚಿ ಗಾಡಿ ಮಗುಚಿತ್ತು. ಹೆಣದ ಮುಖ ನೋಡಿದವನು ನಾನು. ಅಂದಿನಿಂದ ನನಗೆ ಊಟ ಸೇರುತ್ತಿರಲಿಲ್ಲ.

ಓವರ್‌ಸಿಯರ್ ಎಂದರೆ ನನ್ನ ಪಕ್ಕದ ಮನೆಯ ದೊಡ್ಡಹನುಮಯ್ಯನವರು. ಮೂವತ್ತು ವರ್ಷ ಮೈಸೂರು ರಸ್ತೆಗೆ ಜಲ್ಲಿ ಹೊಡೆಸಿ ನಿವೃತ್ತರಾದವರು. ಧೂಳಿನಲ್ಲಿ ಬಿದ್ದ ಜಾಡು ನೋಡಿ ಗಾಡಿ ಯಾರದು, ಎತ್ತು ಎಷ್ಟು ಹಲ್ಲಿನದು ಎಂದು ಹೇಳಬಲ್ಲರು. ಊರಿನಲ್ಲಿ ಏನೇ ನಡೆದರೂ ಜನ ಮೊದಲು ಅವರ ಜಗಲಿ ಹತ್ತುತ್ತಾರೆ. ನಾನು ಪುಕ್ಕಲ. ಆದರೂ ಅವರ ಹಿಂದೆ ಕೊಡೆ ಹಿಡಿದು ಹೋಗದಿದ್ದರೆ ನನಗೆ ನಿದ್ದೆ ಬರುವುದಿಲ್ಲ.

ಸಾಹುಕಾರನ ಮನೆಯಲ್ಲಿ ಎಲ್ಲರ ಮುಖವೂ ಸುಣ್ಣ ಬಳಿದಂತಿತ್ತು. ಹಬೀಬನನ್ನು ಠಾಣೆಗೆ ಹಾಕಿದ್ದರೂ, ಕೊಂದವನು ಮನೆಯೊಳಗೇ ಇದ್ದಾನೆಂದು ಆಳುಕಾಳುಗಳು ಪಿಸುಗುಟ್ಟುತ್ತಿದ್ದರು. ಹಗಲಲ್ಲೇ ಕೋಣೆಗಳಿಗೆ ಚಿಲಕ. ಸತ್ತವನ ತಮ್ಮ ಹುಚ್ಚಯ್ಯ ತನ್ನ ನೀರನ್ನು ತಾನೇ ಸೇದಿ ಕುಡಿಯುತ್ತಿದ್ದ. ಆಸ್ತಿ ಇನ್ನು ಅವನದೇ ಎಂದು ಜನ ಅವನನ್ನೂ ಓರೆಗಣ್ಣಿನಿಂದ ನೋಡುತ್ತಿದ್ದರು.

ಅವನೇ ನಮ್ಮನ್ನು ಮೋಟಾರಿನ ಕೊಟ್ಟಿಗೆಗೆ ಕರೆದೊಯ್ದ. ಗೋಡೆಯ ಮೇಲೆ ನಾಲ್ಕು ಚಕ್ರ ತೂಗುಹಾಕಿದ್ದವು. ಕಬ್ಬಿಣದ ತಟ್ಟೆಯವು. ಅವುಗಳ ರಬ್ಬರಿನ ಮೇಲೆ ಬೆರಳು ಹೋಗುವಷ್ಟು ಆಳದ ಗೀರುಗಳು.

"ಅವು ಮಳೆಗಾಲದ್ದು" ಎಂದ ಹುಚ್ಚಯ್ಯ. "ಭಾರ, ಆದ್ರೆ ಕೆಸರಲ್ಲಿ ಜಾರಲ್ಲ. ಯುಗಾದಿಗೆ ಅವನ್ನ ಬಿಚ್ಚಿ ಬೇಸಿಗೆ ಚಕ್ರ ಹಾಕ್ಸೋನು ನಮ್ಮಣ್ಣ. ಅವು ಮರದ ಅರೆಕಾಲಿನವು, ಗಾಡಿಚಕ್ರದ ಕಡ್ಡಿಗಳ ಹಂಗೆ, ರಬ್ಬರು ನುಣ್ಣಗೆ, ಬಲು ಹಗುರ. ಗಟ್ಟಿ ರಸ್ತೇಲಿ ಹಾರ್ಕೊಂಡು ಹೋಗ್ತವೆ."

"ಯಾವ್ದು ಹಾಕ್ಬೇಕು ಅಂತ ಹೇಳೋರು ಯಾರು?"

"ಅಣ್ಣನೇ. ಹಬೀಬ ಬೇಡ ಅಂತಿದ್ದ. ಈ ಬಂಡೆ ಬಿಸಿಲಿಗೆ ಮರ ಕುಗ್ಗುತ್ತೆ, ವರ್ಸೆಲ್ಲಾ ಕಬ್ಬಿಣದ್ದೇ ಇರ್ಲಿ ಅಂತ. ಸಾಯೋ ಹಿಂದಿನ ದಿನಾನೂ, ಅರೆಕಾಲು ಕಿರುಗುಟ್ತಾವೆ, ಬದಲಾಯಿಸ್ತೀನಿ ಅಂದ. ಎದುರು ಮಾತಾಡ್ತೀಯೇನ್ಲಾ ಅಂತ ಅಣ್ಣ ಆಳುಗಳ ಮುಂದೆ ಕಪಾಳಕ್ಕೆ ಹೊಡೆದ."

ಆ ಹೊಡೆತವನ್ನೇ ಇನ್‌ಸ್ಪೆಕ್ಟರ್ ಹಿಡಿದುಕೊಂಡಿದ್ದರು. ಅವಮಾನ ತಾಳದೆ ಹಬೀಬ್ ಚಕ್ರ ಸಡಿಲಿಸಿದ ಎಂಬುದು ಅವರ ವಾದ.

ಮುರಿದ ಚಕ್ರ ಮೂಲೆಯಲ್ಲಿ ಬಿದ್ದಿತ್ತು. ದೊಡ್ಡಹನುಮಯ್ಯ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, ಒಂದೊಂದೇ ಅರೆಕಾಲನ್ನು ಮುಟ್ಟಿ ನೋಡಿದರು. ಗರಗಸದ ಗುರುತಿಲ್ಲ. ಬೋಲ್ಟುಗಳೆಲ್ಲ ಬಿಗಿಯಾಗಿಯೇ ಇದ್ದವು. ಅರೆಕಾಲುಗಳು ಮುರಿದಿರಲಿಲ್ಲ, ನಡುವಿನ ಗುಂಬದಿಂದ ಹಾಗೆಯೇ ಕಿತ್ತು ಬಂದಿದ್ದವು. ಗುಂಬದ ಸೀಳಿನಲ್ಲಿ ಕೆಂಪಗೆ ಏನೋ ಮೆತ್ತಿತ್ತು.

"ರಕ್ತ" ಎಂದೆ.

"ಔಷಧ ಅಳೆಯೋನು ನೀನು, ಇಷ್ಟೂ ಗೊತ್ತಾಗಲ್ವಾ? ಮೂಸಿ ನೋಡು."

ಕುಂಕುಮ. ಅದರ ಮೇಲೆ ಹರಳೆಣ್ಣೆ ಸವರಿದ್ದರು. ದೊಡ್ಡಹನುಮಯ್ಯ ರಬ್ಬರಿನ ಅಂಚನ್ನು ಎತ್ತಿದರು. ಒಳಗಿನ ಕಬ್ಬಿಣಕ್ಕೆ ಹೊಸ ತುಕ್ಕು ಹಿಡಿದಿತ್ತು. ಅದರ ಪಕ್ಕದಲ್ಲಿ ಒಣಗಿದ ಹಸಿರು ಪಾಚಿ. ಮಳೆ ಬಂದು ಐದು ತಿಂಗಳಾಗಿತ್ತು.

ದೊಡ್ಡಹನುಮಯ್ಯ ಎದ್ದು ಹಿತ್ತಲಿಗೆ ನಡೆದರು. ಬಾವಿಯ ಪಕ್ಕದ ಕಲ್ಲುತೊಟ್ಟಿಯಲ್ಲಿ ಹುಚ್ಚಯ್ಯನ ಎರಡು ಗಾಡಿಚಕ್ರಗಳು ನೆನೆಯುತ್ತಿದ್ದವು. ತೊಟ್ಟಿಯ ಅಂಚಿಗೆ ಹಳದಿ ಬಣ್ಣದ ಚಕ್ಕೆಯೊಂದು ಅಂಟಿತ್ತು. ಮೋಟಾರಿನ ಅರೆಕಾಲಿಗೆ ಬಳಿದದ್ದೂ ಅದೇ ಹಳದಿ. ಅವರು ಅದನ್ನು ಎಲೆಯಡಿಕೆ ಚೀಲದೊಳಗೆ ಇಟ್ಟುಕೊಂಡರು. ಮುಖ ಸಪ್ಪಗಾಯಿತು.

ಠಾಣೆಯಲ್ಲಿ ಹಬೀಬ್ ಕಂಬಿ ಹಿಡಿದು ನಿಂತಿದ್ದ.

"ಯುಗಾದಿಗೆ ಮುಂಚೆ ಎಲ್ಲಿದ್ದೆಯಪ್ಪಾ?"

"ಬೆಂಗ್ಳೂರಲ್ಲಿ. ಟ್ಯೂಬ್ ತರಕ್ಕೆ ನಾಕು ದಿನ."

"ಗಾಡಿ ಉರುಳಿದ ಮೇಲೆ ತಿರುವಿಗೆ ಹೋಗಿದ್ಯಾ?"

"ಓಡ್ಕೊಂಡು ಹೋದೆ, ಸ್ವಾಮಿ."

"ಚಕ್ರ ನೋಡಿದ್ಯಾ?"

ಅವನು ತಲೆ ತಗ್ಗಿಸಿದ. "ಚಕ್ರ ಹಾಕಿದ್ದು ನಾನು. ತಪ್ಪು ನಂದೇ. ಇನ್ನೇನೂ ಕೇಳ್ಬೇಡಿ."

ಹಗ್ಗಕ್ಕೆ ತಾನೇ ಕತ್ತು ಕೊಡುವವನನ್ನು ಹತ್ತಿರದಿಂದ ನೋಡಿದ್ದು ನಾನು ಅದೇ ಮೊದಲು.

ಅದೇ ಮಧ್ಯಾಹ್ನ ದೊಡ್ಡಹನುಮಯ್ಯ ಎಲ್ಲರನ್ನೂ ಸಾಹುಕಾರನ ಪಡಸಾಲೆಯಲ್ಲಿ ಸೇರಿಸಿದರು. ಬೇಡಿ ತೊಟ್ಟ ಹಬೀಬ್, ಇನ್‌ಸ್ಪೆಕ್ಟರ್, ಹುಚ್ಚಯ್ಯ, ಬಾಗಿಲ ಬಳಿ ಗುಲ್ಜಾರ್ ಬೀ. ಕಂಬಕ್ಕೆ ಒರಗಿ ಸತ್ತವನ ತಾಯಿ ದೊಡ್ಡಲಕ್ಷ್ಮಮ್ಮ ಕೂತಿದ್ದರು. ಹಬೀಬ್ ಚಿಕ್ಕಂದಿನಿಂದ ಅವರ ಕೈಯ ಅನ್ನ ಉಂಡು ಬೆಳೆದವನು.

"ಈ ಚಕ್ರಾನ ಯಾರೂ ಕುಯ್ದಿಲ್ಲ, ಬೋಲ್ಟ್ ಸಡಿಲಿಸಿಲ್ಲ" ಎಂದು ಶುರುಮಾಡಿದರು ದೊಡ್ಡಹನುಮಯ್ಯ. "ಇದನ್ನ ನೀರಲ್ಲಿ ನೆನೆಹಾಕಿದ್ದಾರೆ. ತುಕ್ಕು, ಪಾಚಿ, ತೊಟ್ಟೀಲಿ ಸಿಕ್ಕ ಚಕ್ಕೆ, ಮೂರೂ ಅದನ್ನೇ ಹೇಳ್ತವೆ. ಗಾಡಿಚಕ್ರ ಬಿಸಿಲಿಗೆ ಸಡಿಲಾದ್ರೆ ನಾವೆಲ್ಲ ಮಾಡೋದೇ ಅದು. ಮರ ಊದಿ ಬಿಗಿಯಾಗುತ್ತೆ. ಒಣಗಿದ್ರೆ ಮತ್ತೆ ನೆನೆಹಾಕ್ತೀವಿ. ಗಾಡಿ ಮೆಲ್ಲಗೆ ಹೋಗುತ್ತೆ, ನಡೆದುಹೋಗುತ್ತೆ. ಆದ್ರೆ ಮೋಟಾರಿನ ಅರೆಕಾಲು ಊದಿದಾಗ ಕಬ್ಬಿಣದ ಗುಂಬದೊಳಗೆ ಜಜ್ಜಿಹೋಗುತ್ತೆ. ಒಣಗಿದ ಮೇಲೆ ಮೊದಲಿಗಿಂತ ಸಡಿಲ. ಹತ್ತು ದಿನದ ಬಿಸಿಲು, ಆ ಓಟ, ಆ ತಿರುವು. ಅಷ್ಟು ಸಾಕಾಯ್ತು."

"ಹಬೀಬನೇ ನೆನೆಹಾಕಿರಬಹುದಲ್ಲ?" ಎಂದರು ಇನ್‌ಸ್ಪೆಕ್ಟರ್.

"ಬೊಂಬೆ ಕಡೆಯೋರು ಮರಾನ ತಿಂಗಳುಗಟ್ಟಲೆ ಒಣಗಿಸ್ತಾರೆ, ಸ್ವಾಮಿ. ಕಡೆಯೋ ಮರಕ್ಕೆ ನೀರು ಸೋಕಿಸಲ್ಲ. ಅಲ್ದೆ ಆಗ ಅವನು ಊರಲ್ಲೇ ಇರ್ಲಿಲ್ಲ. ಬಂದಾಗ ಎಣ್ಣೆ ಸವರಿದ ಚಕ್ರ ಗೋಡೆ ಮೇಲೆ ಹೊಳೀತಿತ್ತು, ಹಾಕ್ದ."

"ಹಾಗಾದರೆ ನೆನೆಹಾಕಿಸಿದ್ದು ಯಾರು?"

ದೊಡ್ಡಹನುಮಯ್ಯ ಎಲೆಯಡಿಕೆ ಚೀಲದ ದಾರ ಬಿಗಿದರು. ಅವರು ಮಾತಿಗೆ ತಡವರಿಸಿದ್ದನ್ನು ನಾನು ಎಂದೂ ಕಂಡಿರಲಿಲ್ಲ. "ಇದು ಕೊಲೆ ಅಲ್ಲ. ಕೊಲ್ಲೋರು ಚಕ್ರಕ್ಕೆ ಕುಂಕುಮ ಇಡಲ್ಲ. ಹೆಸರು ಬೇಡ, ಬುಟ್ಬುಡಿ."

"ಹೆಸರಿಲ್ಲದೆ ನಾನು ಬೇಡಿ ಬಿಚ್ಚುವುದಿಲ್ಲ."

"ನಾನೇ ನೆನೆಹಾಕಿದ್ದು" ಎಂದು ಹಬೀಬ್ ಥಟ್ಟನೆ ಅಂದುಬಿಟ್ಟ.

ದೊಡ್ಡಲಕ್ಷ್ಮಮ್ಮ ಕಂಬ ಹಿಡಿದು ಎದ್ದರು.

"ಸುಳ್ಳು ಹೇಳ್ಬೇಡ ಕಣ್ಲಾ. ನಾನು ನೆನೆಹಾಕ್ಸಿದ್ದು. ಗೋಡೆಯಿಂದ ಇಳಿಸ್ದಾಗ ಕಿರುಗುಟ್ತು. ನನ್ನ ಮಗ ಆ ತಿರುವಲ್ಲಿ ಓಡ್ಸೋದು ನೆನೆದ್ರೇ ನಂಗೆ ಎದೆ ಝಲ್ ಅಂತಿತ್ತು. ನಮ್ಮಪ್ಪನ ಮನೇಲಿ ಹಂಗೇ ಮಾಡೋರು. ತಿಪ್ಪಸಂದ್ರದ ಗಾಡಿಯವನ ಕೈಲಿ ಮೂರು ದಿನ ತೊಟ್ಟಿಗೆ ಇಳಿಸ್ದೆ. ಅವನು ಯುಗಾದಿಗೆ ಊರಿಗೆ ಹೋದೋನು ಇನ್ನೂ ಬಂದಿಲ್ಲ. ಎತ್ತಿದ ಮೇಲೆ ಕುಂಕುಮ ಇಟ್ಟು, ಎಣ್ಣೆ ಸವರಿ, ನನ್ನ ಮಗನ್ನ ಕಾಪಾಡು ಅಂತ ಕೈಮುಗ್ದೆ."

ಆಕೆ ಹಬೀಬನ ಕಡೆ ತಿರುಗಿದರು. "ನಿಂಗೆ ಯಾವಾಗ ಗೊತ್ತಾಯ್ತು?"

"ತಿರುವಲ್ಲಿ, ಅಮ್ಮ. ಪಾಚಿ ಕಂಡೆ, ನಿಮ್ಮ ಕುಂಕುಮಾನೂ ಕಂಡೆ."

"ಯಾಕಪ್ಪಾ ಹೇಳ್ಲಿಲ್ಲ?"

"ಹೆಂಗ್ ಹೇಳ್ಲಿ ಅಮ್ಮ?"

ಇನ್‌ಸ್ಪೆಕ್ಟರ್ ಬೇಡಿ ಬಿಚ್ಚಿದರು. ದೊಡ್ಡಲಕ್ಷ್ಮಮ್ಮ ಅದನ್ನು ನೋಡುತ್ತಾ ನಿಂತಿದ್ದು, ಆಮೇಲೆ ಹಿತ್ತಲ ಕಡೆ ನಡೆದರು. ನನಗೆ ತೊಟ್ಟಿಯ ಪಕ್ಕದ ಬಾವಿ ನೆನಪಾಯಿತು.

ನನಗಿಂತ ಮೊದಲೇ ಗುಲ್ಜಾರ್ ಬೀ ಓಡಿದ್ದಳು. ನಾವು ಹೋಗಿ ನೋಡಿದಾಗ ಇಬ್ಬರೂ ಹಿತ್ತಲ ಹೊಸ್ತಿಲ ಮೇಲೆ ಕೂತಿದ್ದರು. ಗುಲ್ಜಾರ್ ಬೀ ಆಕೆಯ ರಟ್ಟೆಯನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದಿದ್ದಳು.

"ನೀನು ಮನೆಗೆ ನಡಿ ಬೇಟಾ" ಎಂದಳು ಮಗನಿಗೆ. "ನಾನು ಇವತ್ತು ಇಲ್ಲೇ ಇರ್ತೀನಿ."

ಹಬೀಬ್ ಒಬ್ಬನೇ ಮನೆಯ ದಾರಿ ಹಿಡಿದ.