ಕಮಾನಿಗೆ ಒತ್ತಾಸೆಯಾದ ಮನೆ

ಸೇಡಂ ಹತ್ತಿರದ ಹಳೇ ಕೋಟೆಯೊಳಗೆ, ತನ್ನ ಮನೆಯ ಮುಂದೆ ಕುಳಿತು ಲುಂಬಿನಿ ಇಟ್ಟಂಗಿ ಪುಡಿಯಿಂದ ಹಿತ್ತಾಳೆ ಕೊಡ ತಿಕ್ಕುತ್ತಿದ್ದಳು.

"ಏ, ನಿಂದರ್ರಿ! ಆ ಇಟ್ಟಂಗಿ ಎಲ್ಲಿದು?"

ಬೆಚ್ಚಿ ತಲೆಯೆತ್ತಿದಳು. ಅಳತೆಯ ಟೇಪು ಹಿಡಿದ ಯುವಕ!

"ಬುರುಜಿಂದ ಬಿದ್ದದ್ದು. ಯಾಕ್ರಿ, ನಿಮ್ಮ ಮುತ್ಯಾ ಕಟ್ಟಿಸಿದ್ದನೇನು?"

"ಆರುನೂರು ವರ್ಷದ ಇಟ್ಟಂಗಿರಿ ಅದು! ಕೊಡ ತಿಕ್ಕಾಕತ್ತೀರಲ್ಲ!"

"ಅದಕ್ಕೇ ಇಷ್ಟು ಲಕಲಕ ಅಂತದ!"

ಅವನು ನಕ್ಕುಬಿಟ್ಟ. ಹೆಸರು ಕಪಿಲ, ಕೋಟೆಯ ನಕ್ಷೆ ಬರೆಯಲು ಬಂದವನು.

ಎರಡು ತಿಂಗಳು ಟೇಪಿನ ಇನ್ನೊಂದು ತುದಿ ಹಿಡಿದವಳು ಲುಂಬಿನಿ. ಕೆಳಗೆ ಕಲ್ಲು, ಮೇಲೆ ತೆಳ್ಳನೆಯ ಇಟ್ಟಂಗಿ, ನಡುವೆ ಬೆರಳು ದಪ್ಪದ ಗಾರೆ... ಅವನು ಹೇಳುತ್ತಿದ್ದರೆ, ಜೈಲಿನಂತಿದ್ದ ಗೋಡೆಗಳೂ ಉಸಿರಾಡುತ್ತಿದ್ದವು! ಕಾಲು ಸೋತ ಅಪ್ಪ ಭೀಮಶ್ಯಾನನ್ನು ಬಿಟ್ಟು ಅವಳು ಒಂದು ರಾತ್ರಿಯೂ ಹೊರಗಿದ್ದವಳಲ್ಲ.

ನಕ್ಷೆ ಮುಗಿಸಿ ತನ್ನೂರು ಚಿಂಚೋಳಿಗೆ ಹೊರಡುವ ದಿನ ಕಪಿಲ ತನ್ನ ವಿಳಾಸ ಬರೆದ ಲಕೋಟೆ ಕೊಟ್ಟ.

"ನನ್ನ ಮದುವಿ ಆಗ್ತೀರೇನು? ಫೋನಿನ್ಯಾಗ ಬ್ಯಾಡ. ನಿಮ್ಮದು ಒಂದೇ ಖೋಲಿ, ಅಪ್ಪಾರಿಗೆ ಕೇಳಸ್ತದ. ಬರದು ಹಾಕ್ರಿ."

ಅಂದೇ ಬರೆದಳು. ಮರುದಿನ ಮನೆಯ ಹಿಂಗೋಡೆಯ ಮೇಲೆ ಕೆಂಪು ಗೆರೆ ಕಂಡಿತು. ಹೊರಡುವ ಮುನ್ನ ಕಪಿಲನೇ ಎಳೆದದ್ದನ್ನು ನೆರೆಯವರು ಕಂಡಿದ್ದರು!

"ಅದು ಕೆಡವೋ ಗುರ್ತವ್ವ," ಎಂದರು ನೆರೆಯವರು.

'ನಗಿಸಿ ನಗಿಸಿ ನಮ್ಮ ಮನಿಗೇ ಗೆರಿ ಹೊಡದನಾ...?'

ಅವನ ಫೋನು ಬಂದರೂ ಅವಳು ಎತ್ತಲಿಲ್ಲ. ಪತ್ರ ಒಂದು ವರ್ಷ ಟ್ರಂಕಿನಲ್ಲೇ ಉಳಿಯಿತು.

ಆಮೇಲೆ ಅಧಿಕಾರಿಯೊಬ್ಬರು ಬಂದು ಕಪಿಲನ ವರದಿ ಓದಿ ಹೇಳಿದರು: 'ಕೋಟೆಯ ಕಮಾನು ಈ ಮನೆಯ ಗೋಡೆಗೆ ಒರಗಿ ನಿಂತಿದೆ. ಕೆಂಪು ಗೆರೆ ಎಳೆದ ಗೋಡೆಯನ್ನು ಯಾರೂ ಕೆಡವಬಾರದು.'

ಲುಂಬಿನಿ ಒಳಗೆ ಬಂದು ಅಪ್ಪನ ಹತ್ತಿರ ಕುಳಿತಳು. ಮನೆ ಉಳಿಸಿದ್ದೇ ಅವನು! ಆದರೆ... ಮನೆ ಉಳಿದರೆ ಅಪ್ಪ ಇಲ್ಲೇ, ತಾನೂ ಇಲ್ಲೇ. ಮತ್ತೆ ಅದೇ ನಾಲ್ಕು ಗೋಡೆ!

ಭೀಮಶ್ಯಾ ಮಗಳ ಮುಖವನ್ನೇ ನೋಡುತ್ತಿದ್ದ.

"ಟ್ರಂಕಿನ್ಯಾಗಿನ ಲಕೋಟಿ ನನಗ ಗೊತ್ತದವ್ವ. ಇನ್ನೂ ಯಾಕ ಹಾಕಿಲ್ಲ?"

"ನಿನ್ನ ಬಿಟ್ಟು ಹ್ಯಾಂಗ ಹೋಗ್ಲಪ್ಪಾ?"

"ಗ್ವಾಡಿ ನಿಂದ್ರಬೇಕಂತ ಬರದಾನ. ನಾವೂ ನಿಂದ್ರಬೇಕಂತ ಬರದಾನೇನು? ನನ್ನೂ ಕರ್ಕೊಂಡು ನಡಿ, ಹುಚ್ಚಿ! ಚಿಂಚೋಳ್ಯಾಗ ಕುಂತು ಉಣ್ತೀನಿ."

ಅವಳು ಅಳುತ್ತಲೇ ನಕ್ಕಳು.

ಸೇಡಂನ ಅಂಚೆ ಡಬ್ಬಿಯ ಮುಂದೆ ನಿಂತು ಫೋನು ಮಾಡಿದಳು.

"ನಾನು... ಲುಂಬಿನಿ. ನಿಮ್ಮನ್ನ ಭಾಳ ತಪ್ಪು ತಿಳಕೊಂಡಿದ್ದೆರಿ. ಪತ್ರ ಹಾಕಾಕತ್ತೀನಿ."

ಆ ಕಡೆಯಿಂದ ಕಪಿಲ ಅವಸರಪಟ್ಟ. "ಏನ್ ಬರದೀರಿ? ಈಗೇ ಹೇಳ್ರಿ!"

"ಬಂದ ಮ್ಯಾಲ ಓದ್ರಿ."

"ಮೂರು ದಿನ ಕಾಯಬೇಕಾ?"

"ಕಾಯ್ರಿ. ನಾ ಅಪ್ಪನ ಬಟ್ಟಿ-ಅರಬಿ ಗಂಟು ಕಟ್ಟಬೇಕಲ್ಲ..."

ಲಕೋಟೆ ಅವಳ ಕೈ ಬಿಟ್ಟು ಡಬ್ಬಿಯೊಳಗೆ ಬಿತ್ತು.