ಮೂವತ್ತು ರೊಟ್ಟಿ

"ಏನ್ ಬೇ ತಾರವ್ವ, ಕಡ್ಲಿ ಕೀಳೂದು ಅರ್ಧಾ ಹಂಗ ಐತಿ, ನೀ ರಾಣಿಗತೆ ಕುಂತಿ?"

"ದಣದಿಲ್ಲ ಮಾವಾ. ಅದಕ್ಕ ಕುಂತೀನಿ."

ಮಲಕಾರಿ ನಕ್ಕ. ತಾರವ್ವನ ಸೋದರಮಾವನ ಮಗ ಅವನು, ಊರೂರು ಅಲೆಯುವ ಕುರಿಗಾರ. ರಾಯಬಾಗದ ಸುತ್ತಿನ ಹೊಲಗಳಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ತರುಬಿ ನಿಲ್ಲಿಸುತ್ತ, ತೊಂಬತ್ತೊಂದರ ಮಾಗಿಯಲ್ಲಿ ಅವಳಪ್ಪನ ಹೊಲಕ್ಕೂ ಬಂದಿದ್ದ.

ಆಕೆ ನಗಲಿಲ್ಲ. ಮಿರಜದ ಡಾಕ್ಟರು ಹೇಳಿದ್ದೇ ಹಾಗೆ. ಮೈಯೇ ತನ್ನ ಕೀಲುಗಳ ಮೇಲೆ ತಿರುಗಿಬಿದ್ದ ಸಂಧಿವಾತ ಅದು. ನೋವಿಗೆ ಗುಳಿಗೆ ಉಂಟು, ಈ ದಣಿವಿಗೆ ಇಲ್ಲ. ದಣಿಯುವ ಮೊದಲೇ ಕೂಡಬೇಕು, ಕೆಲಸ ತುಂಡು ತುಂಡು ಮಾಡಬೇಕು, ದಿನಾ ತುಸು ನಡೆಯಬೇಕು. ಮಿರಜದಲ್ಲಿ ಇದಕ್ಕೆ ಉಪಚಾರ ಅನ್ನುತ್ತಾರೆ, ಊರಲ್ಲಿ ಮೈಗಳ್ಳತನ. ಅಷ್ಟನ್ನೂ ಅವನಿಗೆ ಹೇಳಿದಳು.

"ಖರೆ ಐತಲ್ಲ," ಅಂದ ಮಲಕಾರಿ. "ಗಬ್ಬದ ಕುರಿ ಬಿದ್ದ ಮ್ಯಾಲ ಹಿಂಡ ನಿಲ್ಲಿಸಿದ್ರ ಏನ್ ಬಂತು?"

ಎರಡು ವರ್ಷದಲ್ಲಿ ಮೊದಲ ಬಾರಿಗೆ ಒಬ್ಬರು ನಂಬಿದ್ದರು. ತಾರವ್ವ ಸೆರಗು ಸರಿಮಾಡುವ ನೆಪದಲ್ಲಿ ಮುಖ ತಿರುಗಿಸಿದಳು.

"ನನ್ನೂ ಕುರಿ ಸಾಲಿಗೆ ಸೇರಿಸಿದೇನ?"

"ಕುರಿ ಇಷ್ಟ ಚಂದ ಇರಂಗಿಲ್ಲ ಬಿಡ."

ಅಂದಿನಿಂದ ಸಂಜೆ ಇಬ್ಬರೂ ಕಾಲುವೆ ದಂಡೆಗುಂಟ ನಡೆದರು. ಮೊದಲ ವಾರ ಒಂದು ಜಾಲಿ ಗಿಡದ ತನಕ, ಆಮೇಲೆ ಎರಡನೆಯದರ ತನಕ. ಅವಳ ಮಾತು ಸಣ್ಣದಾದರೆ ಸಾಕು, "ನಂಗ ಕಾಲ ನೋಯಾಕತ್ತಾವ" ಎಂದು ಅವನೇ ಕೂಡುತ್ತಿದ್ದ. ದಿನಕ್ಕೆ ನಾಲ್ಕು ಹರದಾರಿ ನಡೆಯುವವನ ಕಾಲು!

ಶಿವರಾತ್ರಿ ಮುಂದೆ ಅವನವ್ವ ಕೆಂಪವ್ವ ಹತ್ತು ಮಂದಿ ನೆಂಟರೊಡನೆ ಹೆಣ್ಣು ಕೇಳಲು ಬಂದಳು. ಹೆಣ್ಣಿನ ಕೈ ನೋಡುವುದು ರೊಟ್ಟಿಯಲ್ಲೇ.

"ನಾಕ ಬಡದು ಏಳ. ಉಳದದ್ದು ಅವ್ವಗ ನಾ ಹೇಳ್ತೀನಿ," ಅಂದಿದ್ದ ಮಲಕಾರಿ.

ತಾರವ್ವ ಏಳಲಿಲ್ಲ. ಇನ್ನೊಬ್ಬರ ಶಿಫಾರಸಿನಿಂದ ಸೊಸೆಯಾಗುವುದು ಬೇಡವೆನಿಸಿತು. ಮೂವತ್ತು ಬಡಿದಳು.

"ಎಂಥಾ ಚುರುಕ ಕೈ! ಈ ಸಲ ಹಿಂಡಿನ ಜೋಡಿ ಇಕಿನ್ನೂ ಕರ್ಕೊಂಡ ಹೋಗೂಣು," ಎಂದು ಕೆಂಪವ್ವ ಸಕ್ಕರೆ ಹಂಚಿದಳು. ಮರುದಿನದಿಂದ ಒಂಬತ್ತು ದಿನ ತಾರವ್ವನಿಗೆ ತಲೆ ಬಾಚಿಕೊಳ್ಳಲೂ ಕೈ ಏಳಲಿಲ್ಲ.

ಹತ್ತನೆಯ ದಿನ ಮಲಕಾರಿ ಬಂದು ಹೊಸ್ತಿಲ ಬಳಿ ಕೂತ.

"ಅತ್ತಿ ಒಪ್ಪಿದ್ದು ಮೂವತ್ತ ರೊಟ್ಟಿ ಬಡದಾಕಿನ್ನ ಮಾವಾ. ಆಕಿ ನಾ ಅಲ್ಲ."

"ನಾ ಒಪ್ಪಿದ್ದು ನಿನ್ನ. ನೀ ಅಂದಲ್ಲಿ ಹಿಂಡ ನಿಲ್ಲಸ್ತೀನಿ."

"ಇನ್ನೂರ ಕುರಿ. ನಾ ಕುಂತಲ್ಲೆಲ್ಲಾ ಹುಲ್ಲ ಇರತೈತೇನ?"

"ಕುರಿ ಮಾರಿಬಿಡ್ತೀನಿ."

"ಮಾರಿ? ದಿನಾ ನನ್ನ ಮುಂದ ಕುಂದರ್ತೀ?"

"ಕುಂದರ್ತೀನಿ."

ಇಂಥ ಉತ್ತರಕ್ಕೆ ಏನು ಮಾಡಬೇಕೆಂದು ಡಾಕ್ಟರು ಹೇಳಿರಲಿಲ್ಲ.

"ಒಂದ ವರ್ಸ ಕುಂದರ್ತಿ. ಆಮ್ಯಾಲ ನೀ ಹಾದೀ ಕಡೆ ನೋಡೂದನ್ನ ನಾ ನೋಡಬೇಕು. ಹೋಗ ಮಾವಾ."

ಹಿಂಡು ಹೊರಟ ಬೆಳಿಗ್ಗೆ ತಾರವ್ವ ಮನೆ ಮುಂದಿನ ಕಟ್ಟೆಗೆ ಬಂದಳು. ಮಲಕಾರಿ ಕೊನೆಯ ಕುರಿಯ ಹಿಂದೆ ನಡೆದ, ಕತ್ತು ತಿರುಗಿಸಲಿಲ್ಲ. ತಿರುಗಿಸಿದರೆ ಆಕೆ ಬೆನ್ನು ಹತ್ತುವಳೆಂದು ಅವನಿಗೆ ಗೊತ್ತಿತ್ತು. ತಾರವ್ವನಿಗೂ ಗೊತ್ತಿತ್ತು, ಎರಡೂ ಕೈಯಿಂದ ಕಟ್ಟೆಯ ಕಲ್ಲನ್ನು ಬಿಗಿಯಾಗಿ ಹಿಡಿದಿದ್ದಳು.